‘ಕನ್ನಡ ರಾಗ ಬರ್ತೈತಿ’ ಅಂದರಂತೆ ತೀರ್ಪುಗಾರರು

ಪ್ರಶ್ನೆ: ಗದಗ ಜಿಲ್ಲೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ ಸರ್. ನಮ್ಮ 7ನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಕಂಠಪಾಠದಲ್ಲಿ ಕ್ಲಸ್ಟರ್ ಮಟ್ಟಕ್ಕೆ ಮೊದಲು ಬಂದಳು. ತಾಲ್ಲೂಕು ಮಟ್ಟದಲ್ಲಿ ಸೋತಳು. ಹೇಳಿದ್ದು ವರ್ಡ್ಸ್‌ವರ್ತ್ ಬರೆದ ‘ಡ್ಯಾಫೊಡಿಲ್ಸ್’. ಒಂದಕ್ಷರ ತಪ್ಪಲಿಲ್ಲ. ಆದರೆ ತೀರ್ಪುಗಾರರೊಬ್ಬರು ‘ಪಾಠ ಚಲೋ ಆಗೇತಿ, ಆದ್ರ ಕನ್ನಡ ರಾಗ ಬರ್ತೈತಿ’ ಅಂದರು. ಗೆದ್ದ ಹುಡುಗ ಸ್ಟೇಜ್ ತುಂಬ ಓಡಾಡಿ, ಕೈ ಬೀಸಿ ಬೀಸಿ ಹೇಳಿದ. ಒಂದೂವರೆ ತಿಂಗಳಲ್ಲಿ ಇನ್ನೊಂದು ಅಂತರಶಾಲಾ ಸ್ಪರ್ಧೆ ಇದೆ. ಈ ‘ರಾಗ’ ಅಂದರೆ ಏನು? ಹೇಗೆ ತೆಗೆಯಲಿ? ಪದ್ಯ ಬದಲಿಸಬೇಕಾ? ಅಭಿನಯ ಕಲಿಸಬೇಕಾ? ನಿಜ ಹೇಳಬೇಕು ಅಂದ್ರೆ, ನನಗೂ ಇಂಗ್ಲಿಷ್ ಮಾತಾಡುವ ರೂಢಿ ಕಡಿಮೆ.

ಉತ್ತರ: ಮೇಡಂ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡ್ತೇನೆ. ನಾನು ಮೂವತ್ತು ವರ್ಷ ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿದವನು. ಮೊದಲ ಹತ್ತು ವರ್ಷ ನನಗೂ ಆ ರೂಢಿ ಇರಲಿಲ್ಲ. ಪದ್ಯ ಹೇಳಿಸೋಕೆ ನಿರರ್ಗಳ ಇಂಗ್ಲಿಷ್ ಬೇಕಾಗಿಲ್ಲ. ಮೂವತ್ತು ಸಾಲು ಸರಿಯಾಗಿ ಬಂದರೆ ಸಾಕು. ಅಷ್ಟನ್ನು ನೀವಿಬ್ಬರೂ ಕೂಡಿಯೇ ಕಲಿಯಬಹುದು.

ಆ ತೀರ್ಪುಗಾರರು ಸುಳ್ಳು ಹೇಳಿಲ್ಲ. ಆದರೆ ಅರ್ಧ ಹೇಳಿ ಎದ್ದು ಹೋಗಿದ್ದಾರೆ. ‘ಕನ್ನಡ ರಾಗ’ ಅಂದ ಕೂಡಲೇ ನಾವು ಉಚ್ಚಾರ ತಿದ್ದೋಕೆ ಕೂರುತ್ತೇವೆ. ಒಂದೊಂದೇ ಪದ ಹಿಡಿದು ‘ಹೀಗಲ್ಲ, ಹೀಗೆ’ ಅಂತೀವಿ. ಮಗು ಇನ್ನೂ ಹೆದರುತ್ತೆ, ರಾಗ ಇದ್ದಲ್ಲೇ ಇರುತ್ತೆ. ಯಾಕಂದ್ರೆ ತೊಂದರೆ ಇರೋದು ಪದದಲ್ಲಲ್ಲ, ತೂಕದಲ್ಲಿ. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟೇ ಮುಂದೆ ಹೋಗ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಸಾಲಿನಲ್ಲಿ ಮೂರೋ ನಾಲ್ಕೋ ಅಕ್ಷರ ಗೌಡರ ಹಾಗೆ ಎದೆಯುಬ್ಬಿಸಿ ನಿಲ್ಲುತ್ತವೆ, ಉಳಿದವು ಅವುಗಳ ಹಿಂದೆ ಮುದುಡಿಕೊಂಡು ಓಡುತ್ತವೆ. ನಮ್ಮ ಮಕ್ಕಳು ಎಲ್ಲರಿಗೂ ಸಮಪಾಲು ಹಂಚಿಬಿಡುತ್ತಾರೆ. ಕೇಳುವವರಿಗೆ ಅದೇ ‘ರಾಗ’ ಅನ್ನಿಸೋದು.

ಇದನ್ನು ಒಂದೇ ಸಾಲು ಹಿಡಿದು ತೋರಿಸ್ತೇನೆ. ಅದಕ್ಕೂ ಮೊದಲು ಪದ್ಯದ ಮಾತು ಮುಗಿಸಿಬಿಡೋಣ, ಯಾಕಂದ್ರೆ ಆ ಸಾಲು ನಾನು ಹೇಳುವ ಪದ್ಯದ್ದೇ.

ಡ್ಯಾಫೊಡಿಲ್ಸ್ ಬದಲಿಸಿ. ಪದ್ಯ ಕೆಟ್ಟದ್ದು ಅಂತಲ್ಲ. 1802ರ ಏಪ್ರಿಲ್‌ನಲ್ಲಿ ವರ್ಡ್ಸ್‌ವರ್ತ್ ಅಣ್ಣ ತಂಗಿ ಇಬ್ಬರೂ ಇಂಗ್ಲೆಂಡಿನ ಅಲ್ಸ್‌ವಾಟರ್ ಅನ್ನುವ ಕೆರೆಯ ದಂಡೆಯಲ್ಲಿ ನಡೆಯುವಾಗ ಆ ಹೂಗಳನ್ನು ಕಂಡರು. ತಂಗಿ ಡೊರೊತಿ ದಿನಚರಿಯಲ್ಲಿ ಬರೆದಿಟ್ಟಳು, ಅಣ್ಣ ಎರಡು ವರ್ಷ ಬಿಟ್ಟು ಪದ್ಯ ಮಾಡಿದ. ಒಳ್ಳೇ ಪದ್ಯವೇ. ಆದರೆ ತೀರ್ಪುಗಾರನಾಗಿ ಕೂತವನ ಕಷ್ಟ ಕೇಳಿ: ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿಗೆ ಪದ್ಯದ ಮೊದಲ ಸಾಲಿನ ಆ ಒಂಟಿ ಮೋಡ ನನ್ನ ತಲೆಯ ಮೇಲೆ ಏಳು ಸಲ ಹಾದು ಹೋದ ದಿನಗಳಿವೆ. ಎಂಟನೆಯವಳು ಎಷ್ಟೇ ಚಂದ ಹೇಳಿದರೂ ಕಿವಿ ಮುಚ್ಚಿಕೊಂಡಿರುತ್ತೆ. ಇನ್ನೊಂದು, ನಿಮ್ಮ ಹುಡುಗಿ ಆ ಹೂ ಕಂಡಿಲ್ಲ. ನಾನೂ ಕಂಡಿಲ್ಲ. ಒಂದು ಸಲ ಮಕ್ಕಳಿಗೆ ‘ಗುರೆಳ್ಳಿನ ಹೊಲ ನೆನಪು ಮಾಡ್ಕೊಳ್ರಿ, ಹಳದಿ ಹೂ ಗಾಳಿಗೆ ಹೆಂಗ ತೂಗ್ತಾವ’ ಅಂತ ಹೇಳಿ ನೋಡಿದೆ. ಸ್ವಲ್ಪ ಕೆಲಸ ಮಾಡಿತು. ಸೂರ್ಯಕಾಂತಿ ಅಂದಾಗ ಮಾಡಲಿಲ್ಲ. ಅದರ ತಲೆ ಭಾರ, ಕುಣಿಯೋದಿಲ್ಲ. ಕುಸುಬಿ ಅಂತೂ ಬೇಡ, ಮುಳ್ಳು.

ಅದರ ಬದಲು ಸರೋಜಿನಿ ನಾಯ್ಡು ಅವರ ‘ಇನ್ ದ ಬಜಾರ್ಸ್ ಆಫ್ ಹೈದರಾಬಾದ್’ ತೆಗೆದುಕೊಳ್ಳಿ. 1912ರಲ್ಲಿ ಬಂದ ‘ದ ಬರ್ಡ್ ಆಫ್ ಟೈಮ್’ ಸಂಕಲನದಲ್ಲಿದೆ. ಐದು ನುಡಿ, ನುಡಿಗೆ ಆರು ಸಾಲು, ಒಟ್ಟು ಮೂವತ್ತು. ಅವಸರ ಮಾಡದೆ ಹೇಳಿದರೆ ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು. ಹೆಸರಿನ ಕೆಳಗೆ ‘ಬಜಾರಿನ ಧಾಟಿಯಲ್ಲಿ’ ಅಂತ ಅರ್ಥ ಬರುವ ಒಂದು ಮಾತನ್ನೂ ಅವರು ಬರೆದಿದ್ದಾರೆ. ಅಂದರೆ ಮಾರುವವರ ಕೂಗಿನ ಧಾಟಿ. ವ್ಯಾಪಾರಿಗಳೇ ಏನು ಮಾರ್ತೀರಿ, ತೂಗುವವರೇ ಏನು ತೂಗ್ತೀರಿ, ಅಕ್ಕಸಾಲಿಗರೇ ಏನು ಮಾಡ್ತೀರಿ, ಹೂವಾಡಗಿತ್ತಿಯರೇ ಏನು ಹೆಣೀತೀರಿ ಅಂತ ಕೇಳುತ್ತಾ ಹೋಗೋದು, ಅವರು ಉತ್ತರ ಕೊಡೋದು. ಪೂರ್ತಿ ಪದ್ಯ ಇಷ್ಟೇ. ಸಂತೆ ಕಂಡ ಯಾವ ಮಗುವಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಹಿಂದೆ ಒಂದು ಕಥೆ ಇದೆ, ನಿಮ್ಮ ಹುಡುಗಿಗೆ ಹೇಳಿ. ಸರೋಜಿನಿ ಹುಟ್ಟಿದ್ದು 1879ರಲ್ಲಿ, ಹೈದರಾಬಾದಿನಲ್ಲಿ. ಹದಿನಾರಕ್ಕೆ ನಿಜಾಮರ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಎಡ್ಮಂಡ್ ಗಾಸ್ ಅನ್ನುವ ವಿಮರ್ಶಕರಿಗೆ ತಮ್ಮ ಪದ್ಯಗಳನ್ನು ತೋರಿಸಿದರು. ಅವುಗಳ ತುಂಬ ಇಂಗ್ಲೆಂಡಿನ ಹಕ್ಕಿಗಳೇ. ಗಾಸ್ ಅದನ್ನೆಲ್ಲ ಪಕ್ಕಕ್ಕಿಡು, ನಿನ್ನ ದಖನ್ನಿನ ಬಗ್ಗೆ ಬರೆ ಅಂದರು. ಮುಂದೆ ‘ದ ಬರ್ಡ್ ಆಫ್ ಟೈಮ್’ಗೆ ಮುನ್ನುಡಿ ಬರೆದವರೂ ಅವರೇ. ಡ್ಯಾಫೊಡಿಲ್ಸ್ ಬಿಟ್ಟು ಬಜಾರಿಗೆ ಬನ್ನಿ ಅಂತ ನಾನು ಹೇಳೋದು ನನ್ನ ಸ್ವಂತ ಬುದ್ಧಿಯಲ್ಲ ನೋಡಿ.

ಈಗ ಆ ಸಾಲು. ‘ವಾಟ್ ಡು ಯು ಸೆಲ್ ಓ ಯೀ ಮರ್ಚೆಂಟ್ಸ್’. ಪದ್ಯದ ಮೊದಲ ಸಾಲು ಇದೇ.

ನಿಮ್ಮ ಹುಡುಗಿ ಇದನ್ನು ಮೊದಲ ದಿನ ಹೇಗೆ ಹೇಳುತ್ತಾಳೆ ಅಂತ ನಾನು ಇಲ್ಲಿ ಕೂತೇ ಹೇಳಬಲ್ಲೆ: ‘ವಾಟು ಡೂ ಯೂ ಸೆಲ್ಲು ಓ ಯೀ ಮರ್ಚೆಂಟ್ಸು’. ಬೆರಳು ಮಡಚಿ ಎಣಿಸಿ. ಎಂಟು ಇರಬೇಕಾದ ಅಕ್ಷರ ಹನ್ನೊಂದಾಗಿದೆ. ನಮ್ಮ ಮಾತು ಸ್ವರದಲ್ಲಿ ಮುಗಿಯೋದು ಅಲ್ವಾ? ಬಸ್ ಅನ್ನೋದು ‘ಬಸ್ಸು’ ಆಗಿದೆ, ಕಾರ್ ಅನ್ನೋದು ‘ಕಾರು’ ಆಗಿದೆ. ಹಾಗೆ ‘ಟ್’ಗೆ, ‘ಲ್’ಗೆ, ‘ಟ್ಸ್’ಗೆ ಒಂದೊಂದು ಉಕಾರ ಬಂದು ಕೂತಿದೆ. ಸಾಲಿನ ನಡಿಗೆ ಕೆಟ್ಟಿದ್ದು ಅರ್ಧ ಇದರಿಂದ.

ಉಕಾರ ತೆಗೆಯೋಕೆ ‘ಉ ಅನ್ಬೇಡ, ಉ ಅನ್ಬೇಡ’ ಅಂತ ಗದರಿದರೆ ಆಗೋದಿಲ್ಲ. ಸಂಧಿ ಹೇಳಿಕೊಡಿ. ಊರು ಕೂಡಿಸು ಅಲ್ಲಿ, ಊರಲ್ಲಿ ಆಗುತ್ತೆ ತಾನೆ? ಹಾಗೇ ‘ಸೆಲ್’ ಮತ್ತು ‘ಓ’ ಕೂಡಿದರೆ ‘ಸೆಲೋ’. ‘ಟರ್ಬನ್ಸ್ ಆಫ್’ ಅನ್ನೋದು ‘ಟರ್ಬನ್ಸವ್’. ‘ಹ್ಯಾಂಡಲ್ಸ್ ಆಫ್’ ಅನ್ನೋದು ‘ಹ್ಯಾಂಡಲ್ಸವ್’. ವ್ಯಂಜನಕ್ಕೆ ಮುಂದಿನ ಸ್ವರ ಸಿಕ್ಕಿಬಿಟ್ಟರೆ ಉಕಾರಕ್ಕೆ ಜಾಗವೇ ಇರೋದಿಲ್ಲ. ಲೋಪಸಂಧಿ ಗೊತ್ತಿರೋ ಮಗುವಿಗೆ ಇದು ಐದು ನಿಮಿಷದ ಕೆಲಸ. ಸಾಲಿನ ಕೊನೆಯ ವ್ಯಂಜನಕ್ಕೆ ಮಾತ್ರ ಈ ಉಪಾಯ ನಡೆಯೋದಿಲ್ಲ. ಅಲ್ಲಿ ಪಿಸುಮಾತಿನಲ್ಲಿ ಬಿಡೋಕೆ ಹೇಳಿ.

ಇನ್ನು ತೂಕ. ಮೊದಲ ಸಾಲಿನಲ್ಲಿ ತೂಕ ಬೀಳೋದು ಮೂರೇ ಕಡೆ: ‘ವಾಟ್’, ‘ಸೆಲ್’, ‘ಮರ್’. ‘ಡು ಯು’ ಸಣ್ಣದು. ‘ಓ ಯೀ’ಯನ್ನೂ ಎಳೆಯಬಾರದು. ‘ಚೆಂಟ್ಸ್’ ಇನ್ನೂ ಸಣ್ಣದು. ಛಂದಸ್ಸು ಕಲಿತ ನಮಗೆ ಇದು ಕಣ್ಣಿಗೆ ಹೊಡೆಯಬೇಕು. ಗುರು ಲಘು ಲಘು, ಗುರು ಲಘು ಲಘು, ಗುರು ಲಘು. ಭಗಣ, ಭಗಣ, ಆಮೇಲೆ ಒಂದು ತುಂಡು. ‘ಗುರು ಲಘು ಮೂರಿರೆ’ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದು ಸುಮ್ನೆ ಅಲ್ಲ. ವ್ಯತ್ಯಾಸ ಒಂದೇ. ನಮ್ಮ ಗುರು ಉದ್ದಕ್ಕೆ ಸಂಬಂಧಪಟ್ಟದ್ದು, ಎರಡು ಮಾತ್ರೆಯ ಕಾಲ. ಇಂಗ್ಲಿಷಿನ ಗುರು ಒತ್ತಿಗೆ ಸಂಬಂಧಪಟ್ಟದ್ದು. ‘ಸೆಲ್’ ಅನ್ನೋದನ್ನು ‘ಸೇಲ್’ ಅಂತ ಎಳೆದರೆ ತಪ್ಪು. ಎಳೆಯದೆ ಅಲ್ಲಿ ಉಸಿರಿನ ಪೆಟ್ಟು ಕೊಡಬೇಕು.

ಈ ದಾರಿಯಲ್ಲಿ ಆ ಕಡೆಯಿಂದ ಈ ಕಡೆಗೆ ಒಬ್ಬರು ನಡೆದು ಬಂದಿದ್ದಾರೆ. 1926ರ ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಬಿ.ಎಂ.ಶ್ರೀಯವರು ಮಾಡಿದ್ದು ಅದೇ ಕೆಲಸ, ಇಂಗ್ಲಿಷಿನ ಒತ್ತನ್ನು ಕನ್ನಡದ ಮಾತ್ರೆಗೆ ಇಳಿಸಿದ್ದು. ನಿಮ್ಮ ಶಾಲೆಯ ಪ್ರಾರ್ಥನೆಯಲ್ಲಿ ‘ಕರುಣಾಳು ಬಾ ಬೆಳಕೆ’ ಹೇಳಿಸುತ್ತೀರೇನೋ. ಅದು ನ್ಯೂಮನ್ ಅನ್ನುವ ಪಾದ್ರಿ 1833ರಲ್ಲಿ ಬರೆದ ಇಂಗ್ಲಿಷ್ ಪ್ರಾರ್ಥನೆ, ಕನ್ನಡಕ್ಕೆ ತಂದವರು ಶ್ರೀಯವರೇ. ಈಗ ಅದು ಹೊರಗಿನದು ಅಂತ ಯಾರಿಗಾದರೂ ಅನ್ನಿಸುತ್ತಾ?

ಈ ಪಾಠವನ್ನು ಏಳನೇ ತರಗತಿಯ ಮಗುವಿಗೆ ಹಲಗೆಯ ಮೇಲೆ ಬರೆದು ಮಾಡಬೇಡಿ. ನಿಮ್ಮೂರಲ್ಲಿ ಭಜನಿ ಮೇಳ ಇದ್ದೇ ಇರುತ್ತೆ. ಒಂದು ಜೊತೆ ತಾಳ ಇಸಕೊಂಡು ಬನ್ನಿ. ಅವಳ ಕೈಗೆ ಕೊಟ್ಟು, ಬಾಯಿ ಮುಚ್ಚಿಸಿ, ಸಾಲಿಗೆ ಮೂರು ಪೆಟ್ಟು ಹಾಕಿಸಿ, ನಾಲ್ಕನೆಯದು ಖಾಲಿ. ಪೆಟ್ಟು ಕೂತ ಮೇಲೆ ಗುರು ಅಕ್ಷರ ಮಾತ್ರ ಹೇಳಿಸಿ: ‘ವಾಟ್, ಸೆಲ್, ಮರ್’. ಎರಡನೇ ಸಾಲಿಗೆ ‘ರಿಚ್, ವೇರ್ಸ್, ಪ್ಲೇಡ್’. ಬರೀ ಈ ಮೂರು ಮೂರು ಪದದಲ್ಲೇ ಇಡೀ ನುಡಿ ಹೇಳಿಸಿ. ಮರುದಿನ ನಡುವಿನ ಲಘುಗಳನ್ನು ತುಂಬಿಸಿ. ತಾಳ ಮಾತ್ರ ಹಿಂದೆ ಸರಿಯಬಾರದು. ಶಿಶುನಾಳದ ಪದ ಹಾಡುವವರನ್ನು ನೋಡಿದ್ದೀರಲ್ಲ, ಒಂದು ಸಾಲಿನಲ್ಲಿ ಮಾತು ಜಾಸ್ತಿ ಇದ್ದರೆ ಅವರು ತಾಳ ನಿಲ್ಲಿಸಿ ಕಾಯೋದಿಲ್ಲ, ಮಾತನ್ನೇ ಒತ್ತೊತ್ತಿ ತುಂಬುತ್ತಾರೆ. ಇಂಗ್ಲಿಷ್ ಪದ್ಯದ ನಡಿಗೆಯೂ ಹೆಚ್ಚುಕಡಿಮೆ ಹಾಗೇ.

ಒಂದು ವಾರ ತಾಳದ ಜೊತೆ ಹೇಳಲಿ. ಎಂಟನೇ ದಿನ ತಾಳ ಕಸಿದುಕೊಳ್ಳಿ. ಇಲ್ಲದಿದ್ದರೆ ತಾಳವೇ ಇನ್ನೊಂದು ರಾಗ ಆಗಿಬಿಡುತ್ತೆ, ಮಗ್ಗಿ ಹೇಳಿದ ಹಾಗೆ ಟಕಾ ಟಕಾ. ಲಯ ಒಳಗೆ ಇಳಿದ ಮೇಲೆ ಅರ್ಥ ಅದನ್ನು ಅಲ್ಲಲ್ಲಿ ಹಿಡಿದು ನಿಲ್ಲಿಸಬೇಕು, ಅಲ್ಲಲ್ಲಿ ತಳ್ಳಬೇಕು.

ಉಚ್ಚಾರದಲ್ಲಿ ನಿಮಗೆ ಎರಡೇ ಕೆಲಸ. ಮಿಕ್ಕಿದ್ದು ಬಿಡಿ.

ಮೊದಲನೆಯದು ನಮ್ಮ ‘ವ’. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಧ್ವನಿ, ನಮ್ಮ ಲಿಪಿಯಲ್ಲಿ ಒಂದೇ ಅಕ್ಷರ. ಎರಡನೇ ನುಡಿಯ ಮೊದಲ ಸಾಲು ನೋಡಿ: ‘ವಾಟ್ ಡು ಯು ವೇ ಓ ಯೀ ವೆಂಡರ್ಸ್’. ಮೂರು ವಕಾರ. ಮೊದಲ ಎರಡು ಡಬ್ಲ್ಯೂ, ಮೂರನೆಯದು ವೀ. ಡಬ್ಲ್ಯೂಗೆ ಬಿಸಿ ಚಹಾ ಊದುವ ಹಾಗೆ ತುಟಿ ಗುಂಡಗೆ ಮಾಡಬೇಕು, ಹಲ್ಲು ತಾಕಬಾರದು. ಶುರುವಿನಲ್ಲಿ ‘ಉಆಟ್’, ‘ಉಏ’ ಅಂತಲೇ ಹೇಳಲಿ, ವೇಗ ಬಂದಾಗ ತಾನೇ ಕೂಡಿಕೊಳ್ಳುತ್ತೆ. ವೀಗೆ ಮೇಲಿನ ಹಲ್ಲು ಕೆಳತುಟಿಗೆ ತಾಕಿ ನಡುಗಬೇಕು. ಕೈಗೆ ಒಂದು ಸಣ್ಣ ಕನ್ನಡಿ ಕೊಡಿ. ಈ ಒಂದು ಸಾಲನ್ನು ಕನ್ನಡಿಯ ಮುಂದೆ ದಿನಕ್ಕೆ ಇಪ್ಪತ್ತು ಸಲ ಹೇಳಿದರೆ ಪದ್ಯದ ಉಳಿದ ವಕಾರಗಳೆಲ್ಲ ಬಗ್ಗುತ್ತವೆ.

ಎರಡನೆಯದು ಕೆಲಸವಲ್ಲ, ಖುಷಿಯ ಸುದ್ದಿ. ‘ಸ್ಯಾಫ್ರನ್’, ‘ಸ್ಯಾಂಡಲ್‌ವುಡ್’, ‘ಡ್ಯಾಗರ್ಸ್’, ‘ಪ್ಯಾನಲ್ಸ್’, ‘ಟ್ಯಾಸೆಲ್ಸ್’. ಪದ್ಯದ ತುಂಬ ಈ ಬಾಯಗಲಿಸುವ ಸ್ವರ ಇದೆ. ಎಷ್ಟೋ ಕಡೆಯ ಮಕ್ಕಳು ಇದಕ್ಕೆ ಒದ್ದಾಡುತ್ತಾರೆ. ನಮ್ಮ ಮಕ್ಕಳು ದಿನಾ ‘ಹ್ಯಾಂಗ’, ‘ಬ್ಯಾಡ’, ‘ಮ್ಯಾಲ’, ‘ಬ್ಯಾಸಿಗಿ’ ಅಂತಾರಲ್ಲ! ಧಾರವಾಡ, ಗದಗ, ಹಾವೇರಿ ಕಡೆಯ ಬಾಯಿಗೆ ಅದು ಹುಟ್ಟಿನಿಂದ ಬಂದಿದೆ. ಇದನ್ನು ಅವಳಿಗೆ ಹೇಳಿ. ‘ನಿನ್ನ ಬ್ಯಾಡದೊಳಗಿನ ಬ್ಯಾ ಐತಲ್ಲ, ಅದನ್ನs ಹಾಕು’ ಅಂದರೆ ಸಾಕು. ಮನೆಯ ಮಾತು ಇಂಗ್ಲಿಷಿಗೆ ಅಡ್ಡಿ ಅಂತ ಕೇಳಿ ಕೇಳಿ ಬೆಳೆದ ಮಗುವಿನ ಮುಖ ಆಗ ಹೇಗಾಗುತ್ತೆ ನೋಡಿ. ಆದರೆ ‘ಲೆಂಟಿಲ್’, ‘ಹೆನ್ನಾ’, ‘ವೆಂಡರ್ಸ್’ ಬಂದಾಗ ಬಾಯಿ ಅಷ್ಟು ತೆರೆಯಬಾರದು, ಅಷ್ಟೇ ಎಚ್ಚರ. ‘ಸ್ಪೈಸ್’, ‘ಸ್ಲೀಪ್’ ಬಂದಾಗ ಮುಂದೆ ‘ಇ’ ಸೇರಿಸೋ ಅಭ್ಯಾಸ ಇದ್ದರೆ, ನಮ್ಮ ‘ಇಸ್ಕೂಲ’ ಇದೆಯಲ್ಲ ಹಾಗೆ, ಹಾವು ಬುಸುಗುಟ್ಟಿದಂತೆ ‘ಸ್ಸ್ಸ್’ ಅಂತ ಎಳೆದು ಶುರು ಮಾಡಿಸಿ.

ಹಾಂ, ಒಂದು ಮಾತು. ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸುವ ಪದ್ಧತಿ ಎಲ್ಲ ಕಡೆ ಇದೆ. ನಾನೂ ಮಾಡಿದ್ದೇನೆ, ಈ ಪತ್ರದಲ್ಲೂ ಮಾಡುತ್ತಿದ್ದೇನೆ. ಮೊದಲ ಎರಡು ದಿನಕ್ಕೆ ಸರಿ. ಆಮೇಲೆ ಆ ಚೀಟಿ ಹರಿದು ಹಾಕಿ. ಕನ್ನಡ ಲಿಪಿ ಕಣ್ಣಿಗೆ ಬಿದ್ದರೆ ಬಾಯಿ ಎಲ್ಲ ಅಕ್ಷರಕ್ಕೂ ಸಮಪಾಲು ಕೊಡೋಕೆ ಹೊರಡುತ್ತೆ.

ಆ ಗೆದ್ದ ಹುಡುಗನಂತೆ ಗತ್ತಿನಲ್ಲಿ, ಟಿವಿಯ ಹಾಗೆ ಮೂಗಿನಿಂದ ಇಂಗ್ಲಿಷ್ ಬರಬೇಕಾ ಅಂತ ನೀವು ಕೇಳಿಲ್ಲ. ಆದರೂ ಹೇಳ್ತೇನೆ, ಬೇಡ. ‘ವಾಟರ್’ ಅನ್ನು ‘ವಾರರ್’ ಮಾಡುವ ಮಕ್ಕಳನ್ನು ಕಂಡರೆ ನನ್ನಂಥವರು ಕಾಲು ಅಂಕ ಕಡಿಮೆಯೇ ಹಾಕುತ್ತೇವೆ.

ಈಗ ಅಭಿನಯದ ವಿಚಾರ. ಇದರಲ್ಲಿ ನನ್ನದೊಂದು ತಪ್ಪಿದೆ.

ಸುಮಾರು ಹತ್ತು ವರ್ಷದ ಹಿಂದೆ ಒಂದು ಅಂತರಶಾಲಾ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಒಬ್ಬ ಹುಡುಗ ಟೆನಿಸನ್‌ನ ‘ದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ ತಂದಿದ್ದ. ಸೊಂಟಕ್ಕೆ ರಟ್ಟಿನ ಕತ್ತಿ. ಕುದುರೆಯ ಹಾಗೆ ನೆಗೆದ, ಕತ್ತಿ ಹಿರಿದ, ‘ಸಮ್‌ವನ್ ಹ್ಯಾಡ್ ಬ್ಲಂಡರ್ಡ್’ ಬಂದಾಗ ಮುಷ್ಟಿ ಎತ್ತಿ ಜಯಘೋಷ ಮಾಡಿದ. ಸಭಾಭವನ ಚಪ್ಪಾಳೆಯಲ್ಲಿ ಮುಳುಗಿತು. ನಾವು ಮೂವರೂ ಅವನಿಗೇ ಮೊದಲನೇ ಬಹುಮಾನ ಕೊಟ್ಟೆವು. ಅದೇ ದಿನ ಒಬ್ಬಳು ಹುಡುಗಿ ಕೈ ಕಟ್ಟಿಕೊಂಡು ನಿಂತಲ್ಲೇ ನಿಂತು ಫ್ರಾಸ್ಟ್‌ನ ಹಿಮದ ಕಾಡಿನ ಪದ್ಯ ಹೇಳಿದ್ದಳು. ಅವಳಿಗೆ ಸಮಾಧಾನಕರ ಬಹುಮಾನ.

ಊಟದ ಹೊತ್ತಿನಲ್ಲಿ ಆ ಹುಡುಗ ಎದುರು ಸಿಕ್ಕ. ಬೆನ್ನು ತಟ್ಟಿ ಕೇಳಿದೆ, ‘ಶುರುವಿಗೆ ಹಾಫ್ ಅ ಲೀಗ್ ಅಂತ ಬರ್ತದಲ್ಲ, ಲೀಗ್ ಅಂದ್ರ ಏನಪಾ?’

‘ಐಪಿಎಲ್ ರೀ ಸರ್’ ಅಂದ.

ನಕ್ಕುಬಿಟ್ಟೆ. ಆದರೆ ಹೋಳಿಗೆ ಗಂಟಲಲ್ಲಿ ನಿಂತ ಹಾಗಾಯ್ತು. ಲೀಗ್ ಅಂದರೆ ಸುಮಾರು ಮೂರು ಮೈಲಿ. 1854ರ ಅಕ್ಟೋಬರ್ 25ರಂದು ಬಾಲಕ್ಲಾವಾ ಅನ್ನುವ ರಣರಂಗದಲ್ಲಿ ತಪ್ಪು ತಿಳಿದುಕೊಂಡ ಒಂದು ಹುಕುಂನಿಂದ ಆರುನೂರಕ್ಕೂ ಹೆಚ್ಚು ಕುದುರೆ ಸವಾರರು ತೋಪುಗಳ ಬಾಯಿಗೆ ನೇರವಾಗಿ ಓಡಿದ ಕಥೆ ಅದು. ‘ಯಾರೋ ಎಡವಿದ್ದರು’ ಅನ್ನುವ ಸಾಲನ್ನು ಪಿಸುಗುಟ್ಟಬೇಕು. ಅವನು ಗೆದ್ದವನ ಹಾಗೆ ಕೂಗಿದ್ದ. ನಾನು ಇಂಗ್ಲಿಷ್ ಮಾಸ್ತರ, ಅದಕ್ಕೇ ಅಂಕ ಹಾಕಿದ್ದೆ. ಹುಡುಗನದೇನೂ ತಪ್ಪಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ.

1890ರಲ್ಲಿ ಟೆನಿಸನ್ ತಾನೇ ಈ ಪದ್ಯ ಓದಿದ್ದನ್ನು ಮೇಣದ ಸಿಲಿಂಡರಿನಲ್ಲಿ ಮುದ್ರಿಸಿಕೊಂಡಿದ್ದಾರೆ. ಈಗಲೂ ಕೇಳಸಿಗುತ್ತೆ. ಗರಗರ ಸದ್ದಿನ ನಡುವೆ ಮುದುಕ ಒಂದೇ ಸಮನೆ ಜಪ ಮಾಡಿದ ಹಾಗೆ ಓದುತ್ತಾನೆ. ನಾಟಕ ಇಲ್ಲವೇ ಇಲ್ಲ, ಬರೀ ಲಯ. ನಿಮ್ಮ ಫೋನಿನಲ್ಲಿ ಹುಡುಕಿ ಅವಳಿಗೆ ಒಂದು ಸಲ ಕೇಳಿಸಿ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಕೈ ಕೆಳಗಿರಲಿ. ಅಭಿನಯ ಗೀತೆ ಅಂತ ಬೇರೆ ಸ್ಪರ್ಧೆಯೇ ಇದೆ, ಕುಣಿತ ಅಲ್ಲಿಗೆ ಇರಲಿ. ‘ಮಿರರ್ಸ್’ ಅಂದಾಗ ಮುಖ ನೋಡಿಕೊಳ್ಳೋದು, ‘ಡ್ಯಾಗರ್ಸ್’ ಅಂದಾಗ ತಿವಿಯೋದು, ಇದು ಪದಕ್ಕೆ ಪದ ಮೂಕಾಭಿನಯ. ಕೇಳುವವರಿಗೆ ಸಂತೆ ಕಾಣೋದಿಲ್ಲ, ಹುಡುಗಿಯ ಕೈ ಕಾಣುತ್ತೆ. ಕಣ್ಣು ಮಾತ್ರ ಆಡಲಿ. ಪ್ರತಿ ಪ್ರಶ್ನೆಗೂ ಅವಳ ಎದುರು ಒಂದೊಂದು ಅಂಗಡಿ ಇರಬೇಕು, ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಅಷ್ಟು ಸಾಕು.

ಆ ಅಂಗಡಿಗಳು ಸುಳ್ಳಾಗಬಾರದು ಅಂತಿದ್ದರೆ ಮೊದಲ ದಿನ ಪದ್ಯ ತೆಗೆಯಲೇ ಬೇಡಿ. ಸಂತೆಗೆ ಕರೆದುಕೊಂಡು ಹೋಗಿ. ಬಳೆಗಾರರ ಹತ್ತಿರ, ಬ್ಯಾಡಗಿ ಮೆಣಸಿನಕಾಯಿ ತೂಗುವವರ ಹತ್ತಿರ, ಹೂವಿನವರ ಹತ್ತಿರ ನಿಂತು ‘ಏನ್ ಮಾರಾಕತ್ತೀರಿ?’ ಅಂತ ಅವಳೇ ಕೇಳಲಿ. ಕೇಳುವಾಗ ಧ್ವನಿ ಎಲ್ಲಿ ಏಳುತ್ತೆ, ಉತ್ತರ ಹೇಳುವವರು ಹೇಗೆ ಪಟ್ಟಿ ಕೊಡುತ್ತಾರೆ ಕಿವಿಗೊಟ್ಟು ಕೇಳಿಸಿಕೊಳ್ಳಲಿ. ‘ಸ್ಯಾಫ್ರನ್ ಅಂಡ್ ಲೆಂಟಿಲ್ ಅಂಡ್ ರೈಸ್’. ಇದೂ ಪಟ್ಟಿಯೇ. ಮೊದಲಿನ ಎರಡಕ್ಕೆ ಧ್ವನಿ ಸ್ವಲ್ಪ ಮೇಲೆ ತೂಗಿರಬೇಕು, ‘ರೈಸ್’ಗೆ ಕೆಳಗಿಳಿದು ಕೂರಬೇಕು. ನಮ್ಮ ಮಕ್ಕಳು ಮೂರಕ್ಕೂ ಇಳಿಸುತ್ತಾರೆ, ಹಾಜರಿ ಕೂಗಿದ ಹಾಗೆ. ಸಂತೆಯವರು ಹಾಗೆ ಹೇಳೋದಿಲ್ಲ.

ಬೇರೆ ಪದ್ಯವೇ ಬೇಕು ಅಂತ ಅನ್ನಿಸಿದರೆ ಎರಡು ಹೆಸರು ಹೇಳಿಬಿಡ್ತೇನೆ. ಸ್ಟೀವನ್‌ಸನ್‌ನ ‘ಫ್ರಮ್ ಅ ರೈಲ್ವೇ ಕ್ಯಾರೇಜ್’ 1885ರದ್ದು. ಸಾಲುಗಳೇ ರೈಲಿನ ಗಾಲಿಯ ಹಾಗೆ ಉರುಳುತ್ತವೆ. 1507 ಮೀಟರ್ ಪ್ಲಾಟ್‌ಫಾರ್ಮ್ ಇರುವ ಹುಬ್ಬಳ್ಳಿಯ ಮಕ್ಕಳು ಅದನ್ನು ಬಿಟ್ಟು ಮೋಡ ಹಿಡಿದು ಯಾಕೆ ಓಡಾಡುತ್ತಾರೋ ಗೊತ್ತಿಲ್ಲ. ಇನ್ನೊಂದು ಟ್ಯಾಗೋರರ ‘ವೇರ್ ದ ಮೈಂಡ್ ಈಸ್ ವಿತೌಟ್ ಫಿಯರ್’, 1912ರ ಇಂಗ್ಲಿಷ್ ಗೀತಾಂಜಲಿಯ 35ನೆಯದು. ಅದರಲ್ಲಿ ತಾಳ ಸಿಗೋದಿಲ್ಲ. ಆದರೆ ಇಡೀ ಪದ್ಯ ಒಂದೇ ವಾಕ್ಯ, ಮುಖ್ಯ ಮಾತು ಕಟ್ಟಕಡೆಯ ಸಾಲಿನಲ್ಲಿ ಬರುತ್ತೆ. ಕ್ರಿಯಾಪದಕ್ಕೆ ಕೊನೆವರೆಗೂ ಕಾಯೋದು ನಮಗೆ ಹೊಸದೇನಲ್ಲವಲ್ಲ, ಕನ್ನಡ ವಾಕ್ಯದ ಹಾಗೇ ಇದೆ. ಮಕ್ಕಳು ಪ್ರತಿ ‘ವೇರ್’ ಸಾಲಿಗೂ ಪೂರ್ಣವಿರಾಮ ಹಾಕಿ ಕೆಡಿಸುತ್ತಾರೆ.

ಬಾಯಿಪಾಠಕ್ಕೆ ನನ್ನದೊಂದು ಹಳೇ ಉಪಾಯ. ಕೊನೆಯ ನುಡಿಯಿಂದ ಶುರು ಮಾಡಿ. ಐದನೆಯದು ಗಟ್ಟಿಯಾದ ಮೇಲೆ ನಾಲ್ಕು ಮತ್ತು ಐದು, ಆಮೇಲೆ ಮೂರರಿಂದ. ಮೊದಲಿನಿಂದ ಕಲಿತ ಮಗು ಮುಂದೆ ಹೋದಂತೆ ಹೆದರುತ್ತೆ, ಹಿಂದಿನಿಂದ ಕಲಿತದ್ದು ಮುಂದೆ ಹೋದಂತೆ ಪರಿಚಯದ ಓಣಿಗೆ ಬರುತ್ತೆ. ನಡುವೆ ಮರೆತರೆ ‘ಸಾರಿ’ ಬೇಡ. ಒಂದು ಉಸಿರು ತೆಗೆದುಕೊಂಡು ಆ ನುಡಿಯ ಪ್ರಶ್ನೆಗೆ ಹಿಂದಿರುಗಲಿ. ‘ವಾಟ್ ಡು ಯು’ ಅಂತ ಶುರುವಾಗುವ ಪದ್ಯದಲ್ಲಿ ಅದು ಯಾರಿಗೂ ಗೊತ್ತಾಗೋದೇ ಇಲ್ಲ. ಮತ್ತೆ ನೀವು ಸ್ಟೇಜಿನ ಪಕ್ಕದಲ್ಲಿ ನಿಂತು ತುಟಿ ಆಡಿಸಬೇಡಿ ಮೇಡಂ. ಅವಳು ಸಂತೆ ನೋಡೋದು ಬಿಟ್ಟು ನಿಮ್ಮನ್ನೇ ನೋಡ್ತಾಳೆ.

ಮೈಕ್ ಎತ್ತರ ಮೊದಲೇ ಇಳಿಸಿಕೊಳ್ಳಲಿ. ದೊಡ್ಡವರ ಎತ್ತರದ ಮೈಕಿಗೆ ಕತ್ತು ಚಾಚಿ ಹೇಳುವ ಸಣ್ಣ ಮಕ್ಕಳನ್ನು ನೋಡಿದರೆ ಅಯ್ಯೋ ಅನ್ನಿಸುತ್ತೆ. ಬಾಯಿಗೂ ಮೈಕಿಗೂ ಒಂದು ಗೇಣು ದೂರ, ಮುಖ ತುಸು ಓರೆ. ಇಲ್ಲವಾದರೆ ‘ಪರ್ಪಲ್’ ಬಂದಾಗ ಎರಡು ಪಟಾಕಿ ಹಾರುತ್ತವೆ. ‘ರೆಸ್ಪೆಕ್ಟೆಡ್ ಚೀಫ್ ಗೆಸ್ಟ್, ಜಡ್ಜಸ್, ಟೀಚರ್ಸ್’ ಅನ್ನುವ ಮಾಮೂಲಿ ಪೀಠಿಕೆಯನ್ನು ಮಕ್ಕಳು ಎಕ್ಸ್‌ಪ್ರೆಸ್ ಗಾಡಿಯ ವೇಗದಲ್ಲಿ ಹೇಳಿ ಅದೇ ವೇಗದಲ್ಲಿ ಪದ್ಯಕ್ಕೆ ನುಗ್ಗುತ್ತಾರೆ. ಪೀಠಿಕೆ ಆದ ಮೇಲೆ ಪದ್ಯದ ಹೆಸರು, ಕವಿಯ ಹೆಸರು ನಿಧಾನ ಹೇಳಿ, ಮನಸ್ಸಿನಲ್ಲೇ ನಾಲ್ಕು ತಾಳ ಹಾಕಿ, ಆಮೇಲೆ ಶುರು ಮಾಡಲಿ.

ಇಷ್ಟೆಲ್ಲ ಮಾಡಿದರೆ ಗೆಲ್ಲುತ್ತಾಳಾ? ಗ್ಯಾರಂಟಿ ಕೊಡೋಕೆ ಆಗೋದಿಲ್ಲ. ಐಪಿಎಲ್ ಹುಡುಗನಿಗೆ ಬಹುಮಾನ ಕೊಟ್ಟ ನನ್ನಂಥವರೇ ಆ ಕುರ್ಚಿಗಳಲ್ಲಿ ಕೂತಿರುತ್ತೇವೆ.

ಕೊನೆಯ ನುಡಿಗೆ ಮಾತ್ರ ಮೂರು ದಿನ ಬೇರೆ ಇಟ್ಟುಕೊಳ್ಳಿ. ಹೂವಾಡಗಿತ್ತಿಯರದು. ಮದುಮಗನ ಹಣೆಗೆ ಬಾಸಿಂಗದಂಥ ಹೂಕಿರೀಟ, ಅವನ ಹಾಸಿಗೆಗೆ ಮಾಲೆ. ಅಲ್ಲಿವರೆಗೆ ಸಂತೆಯ ಗದ್ದಲವೇ ಇದೆ. ಆಮೇಲೆ ಆಗ ತಾನೇ ಕಿತ್ತ ಬಿಳಿ ಹೂವಿನ ಹಾಸು, ಯಾರಿಗೆ? ಸತ್ತವರ ನಿದ್ದೆಗೆ ಪರಿಮಳ ಕೊಡೋಕೆ. ‘ಟು ಪರ್‌ಫ್ಯೂಮ್ ದ ಸ್ಲೀಪ್ ಆಫ್ ದ ಡೆಡ್’. ಇಲ್ಲಿ ‘ಪರ್‌ಫ್ಯೂಮ್’ ಕ್ರಿಯಾಪದ, ಹಾಗಾಗಿ ಒತ್ತು ‘ಫ್ಯೂಮ್’ ಮೇಲೆ. ಅಂಗಡಿಯಲ್ಲಿ ಸಿಗುವ ಅತ್ತರಿನ ಶೀಶೆಯಾದರೆ ಒತ್ತು ‘ಪರ್’ ಮೇಲೆ. ಹೆಚ್ಚಿನ ಮಕ್ಕಳು ಶೀಶೆಯನ್ನೇ ಹೇಳಿ ಇಳಿದು ಹೋಗುತ್ತಾರೆ. ಮದುವೆ ಮನೆಗೂ ಮಣ್ಣಿಗೂ ಒಂದೇ ಬುಟ್ಟಿಯಿಂದ ಹೂ ಹೋಗೋದನ್ನು ನಿಮ್ಮ ಹುಡುಗಿ ಸಂತೆಯಲ್ಲಿ ನೋಡಿರುತ್ತಾಳೆ. ಅವಳಿಗೆ ಅದನ್ನು ವಿವರಿಸಬೇಡಿ, ಕೇಳಿ, ಅವಳೇ ಹೇಳಲಿ. ಧ್ವನಿ ತಾನಾಗಿ ಇಳಿಯುತ್ತೆ. ‘ಡೆಡ್’ ಅಂದ ಮೇಲೆ ಉಕಾರ ಬೇಡ, ‘ಥ್ಯಾಂಕ್ಯೂ’ ಕೂಡ ಒಡನೆ ಬೇಡ. ಮನಸ್ಸಿನಲ್ಲಿ ಎರಡು ತಾಳ ಹಾಕಿ, ನಮಸ್ಕಾರ ಮಾಡಿ ಇಳಿದು ಬರಲಿ.